ಬ್ಯಾಂಡೇಜಿನ ಮೇಲೆ ಮೂಡಿದ ಕೈ

ವಾರ್ಡಿನವರೆಲ್ಲ ಅವಳನ್ನು ಕ್ಯಾಮೆರಾ ಸಿಸ್ಟರ್ ಎನ್ನುತ್ತಿದ್ದರು. ತಳ್ಳುಗಾಡಿಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಬಂದರೆ ಹೊಸ ರೋಗಿಗಳು ತಲೆ ಬಾಚಿಕೊಳ್ಳುವುದೂ ಉಂಟು. "ಮುಖ ಬೇಡಪ್ಪ, ಕಾಲು ಸಾಕು" ಎಂದು ಅವಳು ನಗಿಸುತ್ತಿದ್ದಳು. ಆ ಕ್ಯಾಮೆರಾಕ್ಕೆ ಬೆಳಕು ಬೇಕಿಲ್ಲ, ಮೈಯ ಬಿಸಿ ಸಾಕು. ತೊಡೆಯಿಂದ ಚರ್ಮ, ಮಾಂಸ ತೆಗೆದು ಜಜ್ಜಿಹೋದ ಕಾಲಿಗೆ ಕೂರಿಸಿ, ಸಣ್ಣ ರಕ್ತನಾಳಗಳನ್ನು ಹೊಲಿದಿರುತ್ತಾರೆ. ಅದರಲ್ಲಿ ರಕ್ತ ಹರಿಯುತ್ತಿದ್ದರೆ ಪರದೆಯಲ್ಲಿ ಆ ಜಾಗ ಕಿತ್ತಳೆ ಬಣ್ಣ, ನಿಂತಿದ್ದರೆ ನೀಲಿ. ನೀಲಿ ಕಂಡರೆ ಕೂಡಲೇ ಮತ್ತೆ ಆಪರೇಷನ್. ತಡವಾದರೆ ಕಾಲಿನ ಆಸೆ ಬಿಡಬೇಕು.

ಕ್ಯಾಮೆರಾ ಬರುವ ಮೊದಲು ಅವಳು ಅದೇ ವಾರ್ಡಿನ ನರ್ಸು. ಆಗ ಚರ್ಮವನ್ನು ಮುಟ್ಟಿ ನೋಡಬೇಕು, ಒತ್ತಿ ಬಿಟ್ಟರೆ ಬಣ್ಣ ಮರಳುತ್ತದೆಯೇ ಅಂತಲೂ ನೋಡಬೇಕು. ಹದಿನಾಲ್ಕು ವರ್ಷದ ಹಿಂದೆ ಹನ್ನೊಂದರ ಹುಡುಗಿಯೊಬ್ಬಳ ಎಡಗಾಲಿಗೆ ಹೀಗೇ ಚರ್ಮ ಕೂರಿಸಿದ್ದರು. ಸಿಸ್ಟರ್ ಮುಟ್ಟಿದಳು, ಬೆಚ್ಚಗಿತ್ತು. ಒತ್ತಿ ನೋಡುವ ಗೋಜಿಗೆ ಹೋಗಲಿಲ್ಲ. ಎರಡನ್ನೂ ನೋಡಿದೆನೆಂದು ಚಾರ್ಟಿನಲ್ಲಿ ಬರೆದಳು. ಮಾರನೆಯ ದಿನ ಚರ್ಮ ಕಪ್ಪಿಟ್ಟಿತ್ತು. ಮಗಳ ಕಾಲು ತಣ್ಣಗಿದೆಯಲ್ಲ ಎಂದು ಅಪ್ಪ ಹೊದಿಕೆಯೊಳಗೆ ಬಿಸಿನೀರಿನ ಬಾಟಲಿ ಇಟ್ಟು, ಸಿಸ್ಟರ್ ಬೈದಾಳೆಂಬ ಹೆದರಿಕೆಗೆ ಅವಳು ಬರುವ ಮುಂಚೆ ಎತ್ತಿಟ್ಟಿದ್ದ. ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. "ನಾನೇ ಹಾಳು ಮಾಡ್ದೆ ಸಿಸ್ಟರ್. ನೀವು ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ" ಎಂದು ಅಪ್ಪ ಸಿಸ್ಟರ್‌ನ ಎರಡೂ ಕೈ ಹಿಡಿದುಕೊಂಡು ಅತ್ತ. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಅಂದಿನಿಂದ ಆ ಹುಡುಗಿ ಅವಳ ಬೆನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಎದುರು ಕೂತ ಹೆಂಗಸರ ಕಾಲುಗಳತ್ತಲೇ ಕಣ್ಣು ಹೋಗುತ್ತದೆ. ಊರುಗೋಲಿನ ಸದ್ದಾದರೆ ತಿರುಗಿ ನೋಡುತ್ತಾಳೆ. ಮನೆಯಲ್ಲಿ ಮಗಳು ಹೊಸ ಚಪ್ಪಲಿ ತಂದು ತೋರಿಸಿದರೆ, ಎಡಗಾಲಿನದು ಯಾರಿಗೆ ಎಂದು ಕಿವಿಯ ಹತ್ತಿರವೇ ಯಾರೋ ಕೇಳಿದಂತಾಗುತ್ತದೆ. ನಾಚಿಕೆಗೋ ಭಯಕ್ಕೋ, ಗಂಡನಿಗೂ ಅವಳು ಇದನ್ನು ಹೇಳಿಲ್ಲ.

ಆ ಮಧ್ಯಾಹ್ನ ಮೂರನೆಯ ಹಾಸಿಗೆಯಲ್ಲಿ ಬಡಗಿಯೊಬ್ಬನಿದ್ದ, ಆಪರೇಷನ್ನಾಗಿ ಎರಡನೆಯ ದಿನ. ಜೊತೆಗಿದ್ದವಳು ಅವನ ಅತ್ತೆ. ಬಂದಾಗಿನಿಂದ ಅಳಿಯನ ಜನ್ಮ ಜಾಲಾಡುವುದೇ ಅವಳ ಕೆಲಸ. "ಲಾರಿಗೆ ಅಡ್ಡ ಹೋಗೋಕೆ ಧೈರ್ಯ ಇದೆ, ಸೂಜಿ ಕಂಡ್ರೆ ಮಾತ್ರ ಕಣ್ಣು ಮುಚ್ಕೋತಾನೆ!" ಅಳಿಯ ಪುಣ್ಯವಂತ, ಔಷಧಿಯ ಮಂಪರಿನಲ್ಲಿದ್ದ.

ಸಿಸ್ಟರ್ ಕ್ಯಾಮೆರಾ ತಿರುಗಿಸಿದಳು. ಚೆಂದದ ಕಿತ್ತಳೆ. ಸರಿಯಾಗಿದೆ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಆ ಬಣ್ಣ ಚರ್ಮದ ಅಂಚಿಗೆ ನಿಂತಿರಲಿಲ್ಲ, ಪಕ್ಕದ ಬ್ಯಾಂಡೇಜಿನ ಮೇಲೂ ನಾಲ್ಕು ಪಟ್ಟೆಯಾಗಿ ಚಾಚಿಕೊಂಡಿತ್ತು. ಬಟ್ಟೆಗೆಲ್ಲಿಯ ರಕ್ತ? ಬಗ್ಗಿ ನೋಡಿದಳು. ನಾಲ್ಕು ಬೆರಳು, ಒಂದು ಹೆಬ್ಬೆರಳು, ಅಂಗೈ. ಹಾಸಿಗೆಯ ಮೇಲೆ ಯಾವ ಕೈಯೂ ಇಲ್ಲ; ಪರದೆಯಲ್ಲಿ ಮಾತ್ರ ಒಂದು ಕೈ ಕಾಲನ್ನು ಹಿಡಿದುಕೊಂಡಿತ್ತು. ನೋಡುತ್ತಿದ್ದಂತೆ ಬೆರಳುಗಳು ತುದಿಯಿಂದ ಮಸುಕಾಗತೊಡಗಿದವು.

"ಅಮ್ಮಾ, ಕಾಲು ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಟಲಿ ಇವನನ್ನ?" ಎನ್ನುತ್ತ ಅತ್ತೆ ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿದಳು.

ಸಿಸ್ಟರ್ ಜಗಳಕ್ಕೆ ನಿಲ್ಲಲಿಲ್ಲ. ಮೇಜಿನ ಫ್ಯಾನನ್ನು ಕಾಲಿನತ್ತ ತಿರುಗಿಸಿ ಎರಡು ನಿಮಿಷ ಗಾಳಿ ಬಿಟ್ಟಳು. ರಕ್ತ ಹರಿಯುತ್ತಿದ್ದರೆ ತಣಿದ ಚರ್ಮ ತಾನಾಗಿ ಬೆಚ್ಚಗಾಗಬೇಕು. ಫ್ಯಾನ್ ನಿಲ್ಲಿಸಿ ಕಾದಳು. ಸುತ್ತಲಿನ ಕಾಲೆಲ್ಲ ಕಿತ್ತಳೆಗೆ ಮರಳಿತು, ಕೂರಿಸಿದ ಜಾಗ ನೀಲಿಯಾಗಿಯೇ ಉಳಿಯಿತು. ಬೆರಳಿನಿಂದ ಒತ್ತಿಯೂ ನೋಡಿದಳು. ಬಣ್ಣ ಮರಳಲಿಲ್ಲ.

ಸರ್ಜನ್‌ಗೆ ಫೋನ್ ಮಾಡಿದ ಇಪ್ಪತ್ತು ನಿಮಿಷದಲ್ಲಿ ಬಡಗಿ ಮತ್ತೆ ಥಿಯೇಟರಿನೊಳಗಿದ್ದ. ಹೆಪ್ಪುಗಟ್ಟಿದ ರಕ್ತ ತೆಗೆದು ನಾಳವನ್ನು ಮತ್ತೆ ಹೊಲಿದರು. ಸಂಜೆಯ ಹೊತ್ತಿಗೆ ಆ ಜಾಗ ಯಾರ ಕೈಯ ಹಂಗೂ ಇಲ್ಲದೆ ಕಿತ್ತಳೆಯಾಗಿತ್ತು.

ಅತ್ತೆ ಕಾರಿಡಾರಿನ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. "ತಣ್ಣಗಿತ್ತು ಸಿಸ್ಟರ್. ಪಾಪ ಅನ್ನಿಸಿ ಕೈ ಇಟ್ಕೊಂಡು ಕೂತಿದ್ದೆ. ಬೈತೀರಾಂತ ಹೇಳ್ಲಿಲ್ಲ. ನನ್ನಿಂದ ಇವನ ಕಾಲೇ ಹೋಗ್ತಿತ್ತಲ್ಲ!"

"ನಿಮ್ಮಿಂದ ಅಲ್ಲಮ್ಮ. ಸರಿಯಾಗಿ ನೋಡೋದು ನಮ್ಮ ಕೆಲಸ."

ಅಂದ ಮೇಲೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹದಿನಾಲ್ಕು ವರ್ಷ ಬಾಯಿಂದ ಹೊರಡದ ಮಾತು ಇಷ್ಟು ಸಲೀಸಾಗಿ ಹೊರಟಿತ್ತು, ಅದೂ ಬೇರೆಯವರಿಗೆ. ಮೆಟ್ಟಿಲಿಳಿದು ನೆಲಮಾಳಿಗೆಯ ಹಳೆಯ ದಾಖಲೆಗಳ ಕೋಣೆಗೆ ಹೋದಳು. ಗುಮಾಸ್ತ ಬೀಗ ಹಾಕುವುದರಲ್ಲಿದ್ದ. ಆ ಹುಡುಗಿಯ ಚಾರ್ಟ್ ಬೇಕೆಂದಳು.

"ಅಷ್ಟು ಹಳೇದಾ? ನಂಬರ್ ಇಲ್ದೆ ಸಿಗೋದು ಕಷ್ಟ ಸಿಸ್ಟರ್."

ಅವಳು ಏಳಂಕಿಯ ನಂಬರನ್ನು ಚೀಟಿ ನೋಡದೆ ಹೇಳಿದಳು. ಅವನು ಬರೆದುಕೊಳ್ಳುತ್ತ ತಲೆಯೆತ್ತಿದ. "ಏನಕ್ಕೆ ಬೇಕು ಅಂತ ಬರೀಲಿ?"

"ಅದರಲ್ಲಿ ನಾನು ಸುಳ್ಳು ಬರೆದಿದ್ದೀನಿ, ಅಂತ ಬರೀರಿ."