ಎಡಬದಿಯ ಪೆಟ್ಟಿಗೆ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡನೆಯ ಪುಟಕ್ಕೆ ಹೋಗುತ್ತಿರಲಿಲ್ಲ. ಒಮ್ಮೆ ನಮ್ಮ ಮಾವನವರು ತಮ್ಮ ಊರ ಬಾವಿಯಲ್ಲಿ ಕಂಡದ್ದೇನನ್ನೋ ಹೇಳಹೊರಟಾಗ ನಾನು ನಕ್ಕುಬಿಟ್ಟಿದ್ದೆ. ಅವರು ಊಟದ ತಾಟು ಬಿಟ್ಟು ಎದ್ದು ಹೋಗಿದ್ದರು. ಆ ನಗೆಗಾಗಿ ಈಗ ನಾಚುತ್ತೇನೆ. ಅವರ ಬಾವಿಯನ್ನು ಈಗ ನಂಬುತ್ತೇನೆಂದಲ್ಲ. ನನಗಾದದ್ದನ್ನು ಹೇಳಿದರೆ ನೀವೂ ಹಾಗೆಯೇ ನಗಬಹುದು, ಅಷ್ಟೆ.

ಸೇರು, ತೊಲೆಗಳು ಹೋಗಿ ಕಿಲೋ, ಗ್ರಾಮುಗಳು ಬಂದ ಕಾಲವದು. ನಾನು ತೂಕ-ಅಳತೆಗಳ ಇನ್ಸ್‌ಪೆಕ್ಟರ್. ಹುಬ್ಬಳ್ಳಿಯ ಸುತ್ತಲಿನ ಊರುಗಳಲ್ಲಿ ಅಂಗಡಿ ಅಂಗಡಿಗೆ ಹೋಗಿ ಹೊಸ ತೂಕದ ಬಟ್ಟುಗಳಿಗೆ ಮುದ್ರೆ ಒತ್ತುವುದು, ಹಳೆಯವನ್ನು ಕಸಿದುಕೊಳ್ಳುವುದು ನನ್ನ ಕೆಲಸ. ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅಂಗಡಿಯವರು ಕುಡಿಯಲು ನೀರು ಸಹ ಕೊಡುತ್ತಿರಲಿಲ್ಲ. 'ಕಿಲೋ ಸಾಹೇಬ ಬಂದ' ಎಂದು ನನಗೆ ಕೇಳುವಂತೆಯೇ ಹೇಳಿ ಉಗುಳುತ್ತಿದ್ದರು. ಎರಡು ಸಲ ನನ್ನ ಗಾಡಿಯ ಗಾಲಿಯ ಕೆಳಗೆ ಮೊಳೆ ಸಿಕ್ಕಿತ್ತು. ನಾನೂ ಸಂಭಾವಿತನಾಗಿರಲಿಲ್ಲ. ಅವರು ಹಗೆ ಸಾಧಿಸಿದಷ್ಟೂ ನಾನು ಹೆಚ್ಚು ಬಿಗಿಯಾಗುತ್ತಿದ್ದೆ.

ಗಾಡಿ ಎಂದರೆ ಯುದ್ಧಕಾಲದ ಒಂದು ವಿಲಾಯತಿ ಮೋಟಾರ್ ಸೈಕಲ್ಲು. ದೇಶಪಾಂಡೆ ನಗರದ ನಿವೃತ್ತ ವಕೀಲರೊಬ್ಬರಿಂದ ಕೊಂಡದ್ದು. ಹಿಂದೆ ಅಡ್ಡ ಕುಳಿತ ಹೆಂಗಸರಿಗೆ ಕಾಲಿಡಲೆಂದು ಅದರ ಎಡಬದಿಗೆ ಕಬ್ಬಿಣದ ಒಂದು ಸಣ್ಣ ಮೆಟ್ಟಿಲಿತ್ತು. ನನ್ನ ಹೆಂಡತಿ ಪದ್ಮಾವತಿ ಅದರ ಮೇಲೆ ಕಾಲಿಟ್ಟು ಕುಳಿತು, ಭಾನುವಾರ ಭಾನುವಾರ ನನ್ನೊಡನೆ ಧಾರವಾಡಕ್ಕೆ ಬರುತ್ತಿದ್ದಳು. ಅಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು.

ಬಟ್ಟುಗಳನ್ನು ನಾನು ಎರಡು ಕ್ಯಾನ್ವಾಸ್ ಚೀಲಗಳಲ್ಲಿ ಒಯ್ಯುತ್ತಿದ್ದೆ. ಒಂದು ದಿನ ಚೀಲ ಹರಿದು, ಸರಕಾರಿ ಬಟ್ಟುಗಳೆಲ್ಲ ಕುಂದಗೋಳದ ಪೇಟೆಯ ನಡುವೆ ಉರುಳಿದವು. ಜನ ಕೇಕೆ ಹಾಕಿದರು. ಆ ವಾರವೇ ನಾನು ಹೊಸ ಮಾದರಿಯ ಗಾಡಿಗಳಿಗೆಂದು ಮಾಡಿದ ಉಕ್ಕಿನ ಪೆಟ್ಟಿಗೆಗಳ ಒಂದು ಜೋಡಿ ತಂದೆ. ಬೀಗ ಹಾಕುವಂಥ ಮುಚ್ಚಳ, ಕಪ್ಪು ಬಣ್ಣ, ನೋಡಲು ಅಚ್ಚುಕಟ್ಟು. ಆದರೆ ನನ್ನ ಹಳೆಯ ಗಾಡಿಗೆ ಅವು ಹೊಂದುವಂತಿರಲಿಲ್ಲ.

ಗೋಕುಲ ರಸ್ತೆಯ ದಸ್ತಗೀರ ಮಿಸ್ತ್ರಿ ಪೆಟ್ಟಿಗೆಗಳನ್ನು ತಿರುಗಿಸಿ ಮುರುಗಿಸಿ ನೋಡಿದ. "ತೂತ ಒಂದೂ ಕೂಡಂಗಿಲ್ರಿ ಸಾಹೇಬ್ರ. ಬಲಕ್ಕ ಸೈಲೆನ್ಸರ್ ಅಡ್ಡ ಬರತೈತಿ, ಪಟ್ಟಿ ಹಾಕಿ ಎತ್ತಿ ಕೂಡಸ್ತೇನಿ. ಎಡಕ್ಕ ಈ ಮೆಟ್ಟಲಾ ಕೊಯ್ದು ಪಟ್ಟಿ ಹಾಕಬೇಕಾಕ್ಕೇತಿ."

"ಕೊಯ್ಯಿ."

"ಅಕ್ಕಾರು ಕೂಡ್ರತಾರಲ್ರಿ? ಮನ್ಯಾಗ ಒಂದ್ ಮಾತು ಕೇಳ್ರಿ."

ಗಾಡಿ ನನ್ನದು, ನಿನ್ನ ಕೆಲಸ ನೀನು ನೋಡು ಎಂದು ನಾನು ರೇಗಿದೆ. ಅವನು ಗರಗಸ ತೆಗೆದುಕೊಂಡ. ಆ ಮೆಟ್ಟಿಲನ್ನು ಕೊಯ್ಯಲು ಅವನಿಗೆ ಅರ್ಧ ದಿನ ಹಿಡಿಯಿತು. ಗರಗಸದ ಮೂರು ಅಲಗುಗಳು ಮುರಿದವು. ಸಂಜೆ ಗಾಡಿ ಒಪ್ಪಿಸುವಾಗ ಅವನು ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದಾಗ ಪದ್ಮಾವತಿ ಎಡಬದಿಯ ಪೆಟ್ಟಿಗೆಯನ್ನು ನೋಡಿ, "ಅಂದ್ರ ಇನ್ನ ನಾ ಬಸ್ಸಿಗೆ ಹೋಗಬೇಕು ಅಂದಂಗಾತು" ಎಂದಳು. ಅಷ್ಟೇ. 

ಒಂದು ವಾರದ ಮೇಲೆ ಆ ಪೆಟ್ಟಿಗೆಯ ಹೊರಮೈಯಲ್ಲಿ ಮೂರು ತಗ್ಗುಗಳು ಕಂಡವು. ಸಣ್ಣ ಬಟ್ಟಲನ್ನು ಒತ್ತಿ ತೆಗೆದ ಹಾಗೆ ದುಂಡಗೆ, ಒಂದರ ಪಕ್ಕ ಒಂದು. ಯಾವನೋ ಅಂಗಡಿಯವನ ಕೆಲಸವೆಂದುಕೊಂಡೆ. ಅಂದಿನಿಂದ ಗಾಡಿಯನ್ನು ನಮ್ಮ ವಿದ್ಯಾನಗರದ ಮನೆಯ ಹಿತ್ತಲಿಗೆ ಒಯ್ದು, ಅದರ ಓಣಿಯ ಬಾಗಿಲಿಗೆ ಕೀಲಿ ಹಾಕತೊಡಗಿದೆ. ಎರಡು ದಿನಗಳಲ್ಲಿ ತಗ್ಗುಗಳು ಐದಾದವು. ಆ ಬಾಗಿಲು ಬಿಟ್ಟರೆ ಹಿತ್ತಲಿಗೆ ಹೋಗುವ ದಾರಿ ಅಡುಗೆಮನೆಯೊಂದೇ. ಮನೆಯಲ್ಲಿ ಇದ್ದವರು ನಾವಿಬ್ಬರೇ.

ನಾನು ಕೇಳಬಾರದ್ದನ್ನು ಕೇಳಿದೆ. ಪದ್ಮಾವತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದಳು.

"ನಿಮ್ಮ ತಗಡಿನ ಡಬ್ಬಿ ಒದಿಯೂ ಆಸೆ ನನಗಿದ್ರ ನಿಮ್ಮ ಎದುರಿಗೇ ಒದೀತಿದ್ದೆ. ಕದ್ದು ಒದಿಯೂ ಹೆಣ್ಣಲ್ಲ ನಾ."

ಹಿತ್ತಲಿಗೆ ನಡೆದು, ಸೀರೆ ಎತ್ತಿ ಹಿಡಿದು, ತನ್ನ ಹಿಮ್ಮಡಿಯನ್ನು ಒಂದು ತಗ್ಗಿಗೆ ಒತ್ತಿ ತೋರಿಸಿದಳು. ಹಿಮ್ಮಡಿ ಅದರಲ್ಲಿ ಕೂಡಲಿಲ್ಲ. ತಗ್ಗು ಅದಕ್ಕಿಂತ ಸಣ್ಣದಿತ್ತು. ಆದರೆ ಅವು ಹಿಮ್ಮಡಿಯ ಗುರುತುಗಳೇ ಎಂಬುದು ಇಬ್ಬರಿಗೂ ಆಗಲೇ ತಿಳಿಯಿತು. ಅವಳು ಕಾಲು ತಟ್ಟನೆ ಹಿಂದಕ್ಕೆಳೆದುಕೊಂಡಳು. ಮರುದಿನ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೊರಟುಹೋದಳು.

ಆ ಶನಿವಾರ ಅಣ್ಣಿಗೇರಿಯಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಖೋಟಾ ಬಟ್ಟುಗಳನ್ನು ಜಪ್ತಿ ಮಾಡಿದೆ. ಜನ ಸೇರಿ ಕೂಗಾಡಿದರು. ಒಬ್ಬ ನನ್ನ ಟೊಪ್ಪಿಗೆಗೆ ಕೈ ಹಾಕಿದ. ಹೇಗೋ ಹೊರಬಿದ್ದು ಹುಬ್ಬಳ್ಳಿ ದಾರಿ ಹಿಡಿದಾಗ ಮಧ್ಯಾಹ್ನ ಮೂರು ಗಂಟೆ ಇರಬೇಕು. ಬಿಸಿಲು ಚುರುಗುಟ್ಟುತ್ತಿತ್ತು. ಎರಡೂ ಕಡೆ ಬಟಾಬಯಲು ಎರೆಹೊಲ. ಒಂದು ಗಿಡವೂ ಇರಲಿಲ್ಲ.

ನಾಲ್ಕೈದು ಮೈಲಿ ಬಂದಿರಬೇಕು, ನನ್ನ ಹಿಂದೆ ಧಡ್ ಎಂದು ಸದ್ದಾಯಿತು. ಕಲ್ಲು ಒಗೆದರೆಂದುಕೊಂಡೆ. ಹೊರಳಿ ನೋಡಿದರೆ ಯಾರೂ ಇಲ್ಲ. ಮತ್ತೆ ಧಡ್. ಗಾಡಿ ಎಡಕ್ಕೆ ಜಗ್ಗಿತು. ನಿಲ್ಲಿಸಿ, ಇಂಜಿನ್ನು ಬಂದ್ ಮಾಡಿ, ಇಳಿದು ಪೆಟ್ಟಿಗೆಯ ಎದುರಿಗೆ ನಿಂತೆ. ಪಟ್ಟಿ ಸಡಿಲಾಗಿದೆಯೋ ಎಂದು ಬಗ್ಗಿ ನೋಡುತ್ತಿದ್ದೆ.

ಆಗ, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ, ತಗಡು ಒಳಕ್ಕೆ ಹೋಯಿತು.

ಇದನ್ನು ಇದಕ್ಕಿಂತ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಸದ್ದಾಯಿತು, ತಗ್ಗು ಬಿತ್ತು, ಕಪ್ಪು ಬಣ್ಣದ ಒಂದು ಚಕ್ಕೆ ಹಾರಿ ನನ್ನ ತುಟಿಗೆ ಬಡಿಯಿತು. ಅಲ್ಲಿ ಯಾರ ಕಾಲೂ ಇರಲಿಲ್ಲ. ನೋಡುತ್ತಿದ್ದಂತೆ ಇನ್ನೊಂದು ಬಿತ್ತು, ಮೊದಲಿನದಕ್ಕಿಂತ ಆಳವಾಗಿ. ಅದರಲ್ಲಿದ್ದದ್ದು ಸಿಟ್ಟು. ಪೇಟೆಯ ಜನರ ಸಿಟ್ಟನ್ನು ನಾನು ಬಲ್ಲವನಾಗಿದ್ದೆ. ಇದು ಅವರದಕ್ಕಿಂತ ಹತ್ತಿರದ್ದು, ನನ್ನೊಬ್ಬನ ಮೇಲೆಯೇ ಇದ್ದದ್ದು ಎನಿಸಿತು.

ಅಲ್ಲೇ ಗಾಡಿ ಬಿಟ್ಟು ಓಡಬಹುದಿತ್ತು. ಸರಕಾರಿ ಬಟ್ಟುಗಳಿದ್ದವು, ಬಿಡುವಂತಿರಲಿಲ್ಲ. ಹತ್ತಿ ಕುಳಿತು ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ ಓಡಿಸಿದೆ. ಒದೆತ ನಿಲ್ಲಲಿಲ್ಲ. ಕೊನೆಗೆ ಕಬ್ಬಿಣ ಮುರಿದ ಸದ್ದು ಕೇಳಿತು, ಗಾಡಿ ಎಡಕ್ಕೆ ಮಗುಚಿತು. ಎಚ್ಚರವಾದಾಗ ನಾನು ಹೊಲದಲ್ಲಿದ್ದೆ. ಹೆಗಲ ಎಲುಬು ಮುರಿದಿತ್ತು.

ಚಕ್ಕಡಿಯ ಒಬ್ಬ ರೈತ ಬಂದು ನನ್ನ ಗುರುತು ಹಿಡಿದು, "ಓಹೋ, ಕಿಲೋ ಸಾಹೇಬ್ರು!" ಎಂದು ನಕ್ಕ. ಆಮೇಲೆ ದೂರ ಬಿದ್ದಿದ್ದ ಪೆಟ್ಟಿಗೆಯನ್ನು ಎತ್ತಲು ಹೋದವನು ಅದರ ಮೇಲಿನ ತಗ್ಗುಗಳನ್ನು ನೋಡಿ ನಗೆ ನಿಲ್ಲಿಸಿದ. "ಇದನ್ನ ನನ್ನ ಗಾಡ್ಯಾಗ ಹಾಕಂಗಿಲ್ರಿ" ಎಂದ. ನನ್ನನ್ನೂ ಬಟ್ಟುಗಳನ್ನೂ ಒಯ್ದ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟ. ಏಕೆಂದು ನಾನು ಕೇಳಲಿಲ್ಲ.

ಹೆಗಲಿಗೆ ಪಟ್ಟಿ ಕಟ್ಟಿಕೊಂಡೇ, ಗಾಡಿ ಮಾರಿದ ವಕೀಲರ ಮನೆಗೆ ಹೋದೆ. ಅದರ ಹಿಂದೆ ಯಾರು ಕೂಡುತ್ತಿದ್ದರೆಂದು ಕೇಳಿದೆ. ಅವರು ನನ್ನನ್ನು ಒಳಗೆ ಕರೆಯದೆ ಕಟ್ಟೆಯ ಮೇಲೇ ನಿಂತು ಮಾತಾಡಿದರು.

"ನನ್ನ ಹಿಂದ ಯಾರೂ ಕುಂತಿಲ್ಲ. ನಾ ಲಗ್ನಾನ ಆಗಿಲ್ಲ. ಮೆಟ್ಟಲಾ ನಾ ತಗೊಂಡಾಗನ ಇತ್ತು."

"ಅದನ್ನ ತಗಿಸಬೇಕು ಅನಸಲಿಲ್ಲೇನ್ರಿ?"

"ಅನಸಿತ್ತು" ಎಂದು ಅವರು ನನ್ನನ್ನು ದಿಟ್ಟಿಸಿದರು. "ತಗಸಲಿಲ್ಲ. ಇನ್ನ ಹೋಗ್ರಿ." ಕದ ಹಾಕಿಕೊಂಡರು.

ಲಾರಿಯಲ್ಲಿ ತರಿಸಿದ ಗಾಡಿಯ ಮುರಿದ ಪಟ್ಟಿಯನ್ನು ನೋಡಿ ದಸ್ತಗೀರ ಮಿಸ್ತ್ರಿ, "ಇದು ಕಂಪನಕ್ಕ ಮುರದದ್ದಲ್ರಿ, ಮ್ಯಾಲಿಂದ ತುಳದಂಗ ಬಾಗೇತಿ" ಎಂದ. ಹಳೆಯ ಮೆಟ್ಟಿಲನ್ನು ಅವನು ಮೂಲೆಯಲ್ಲಿ ಎತ್ತಿಟ್ಟಿದ್ದ. ನಾನು ಹೇಳುವ ಮೊದಲೇ ಅದನ್ನು ತಂದು ಬೆಸೆದುಕೊಟ್ಟ.

ನಾನು ಬಿದ್ದ ಸುದ್ದಿ ಕೇಳಿ ಪದ್ಮಾವತಿ ಮರಳಿ ಬಂದಿದ್ದಳು. ತಪ್ಪಾಯಿತೆಂದು ಕೇಳಿಕೊಂಡೆ. ದಾರಿಯಲ್ಲಿ ಕಂಡದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಆದರೂ ಮೆಟ್ಟಿಲು ಮತ್ತೆ ಕೂಡಿಸಿದ ಗಾಡಿಯನ್ನು ನೋಡಿ ಅವಳು, "ನಾ ಇದರ ಮ್ಯಾಲೆ ಕೂಡ್ರಂಗಿಲ್ಲ, ನನ್ನ ಕೇಳಬ್ಯಾಡ್ರಿ" ಎಂದಳು. ಅಂದಿನಿಂದ ಬಸ್ಸಿಗೇ ಹೋದಳು.

ಇನ್ನೂ ಆರು ವರ್ಷ ನಾನು ಆ ಗಾಡಿಯನ್ನು ಓಡಿಸಿದೆ, ಬಲಗಡೆ ಮಾತ್ರ ಪೆಟ್ಟಿಗೆ. ಅದರ ತುಂಬ ಬಟ್ಟುಗಳು, ಎಡಗಡೆ ಏನೂ ಇಲ್ಲ. ಗಾಡಿ ಬಲಕ್ಕೆ ಎಳೆಯಬೇಕಿತ್ತು. ಎಳೆಯಲಿಲ್ಲ. ನೂಲು ಹಿಡಿದ ಹಾಗೆ ನೇರ ಹೋಗುತ್ತಿತ್ತು. ರಜೆಯ ದಿನ ಪೆಟ್ಟಿಗೆ ಬರಿದು ಮಾಡಿ ಹೊರಟರೆ ಎಡಕ್ಕೆ ವಾಲುತ್ತಿತ್ತು. ಅದಕ್ಕೇ ಭಾನುವಾರವೂ ನಾನು ಬಟ್ಟುಗಳನ್ನು ಹೇರಿಕೊಂಡೇ ಹೊರಡುತ್ತಿದ್ದೆ. ಒಂದೊಂದೇ ಬಟ್ಟು ತೆಗೆಯುತ್ತ, ಇಡುತ್ತ, ಎಡಬದಿಯ ಆ ಭಾರ ಸರಿಯಾಗಿ ಎಷ್ಟು ಕಿಲೋಗೆ ಸಮವಾಗುತ್ತದೆಂದು ಕಂಡುಹಿಡಿಯುವುದು ನನ್ನಂಥವನಿಗೆ ಹತ್ತು ನಿಮಿಷದ ಕೆಲಸ. ಆರು ವರ್ಷಗಳಲ್ಲಿ ಅದೊಂದನ್ನು ನಾನು ಮಾಡಿ ನೋಡಲಿಲ್ಲ.