ನಾನು ಕಲಿಸಿದ ‘ವೇಟ್’

ಇದನ್ನು ಬರೆಯಬೇಕೆಂದು ಕೂತು, ಎದ್ದು ಹೋಗಿ, ಮತ್ತೆ ಕೂತು ಎಷ್ಟೋ ಸಲ ಆಯಿತು. ಒಮ್ಮೆ ಪೆನ್ನಿನ ನೆಪ, ಒಮ್ಮೆ ಕಣ್ಣಿನ ಪೊರೆಯ ಆಪರೇಷನ್ ನೆಪ. ಈಗ ನೆಪಗಳು ಮುಗಿದಿವೆ.

ಕಾಡುಗೋಡಿಯಲ್ಲಿ ನಮ್ಮ ರಾಗಿ ಹೊಲ ಇದ್ದ ಕಡೆ ಈಗ ಸಾಲಾಗಿ ಆರು ಬಾಡಿಗೆ ರೂಮುಗಳಿವೆ. ಮೂರನೇ ರೂಮಿಗೆ ಬಂಗಾಳದ ಒಂದು ಸಂಸಾರ ಬಂತು. ಗಂಡ ಟೈಲ್ಸ್ ಹಾಕುವವನು, ಹೆಂಡತಿ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವಳು. ಅವರ ಎಂಟು ವರ್ಷದ ಮಗಳು ಬಂದ ವಾರವೇ ನನ್ನನ್ನು ‘ದಾದು’ ಅನ್ನತೊಡಗಿದಳು. ಅಜ್ಜ ಎಂದು ಅರ್ಥವಂತೆ. ಐದನೇ ರೂಮಿನ ರಾಯಚೂರಿನ ಮಕ್ಕಳ ಜೊತೆ ಆಡಿ ಆಡಿ ಆರು ತಿಂಗಳಲ್ಲಿ ಕನ್ನಡ ಕಲಿತಳು. ಬಂಗಾಳದ ಹುಡುಗಿಯ ಬಾಯಲ್ಲಿ ರಾಯಚೂರಿನ ಮಾತು ಕೇಳಿ ನನ್ನ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು.

ನಾನು ಹತ್ತನೇ ಕ್ಲಾಸು ಪಾಸಾದವನು. ಹುಡುಗಿ ಶಾಲೆ ಸೇರುವ ಮೊದಲು ನಾಲ್ಕು ಇಂಗ್ಲಿಷ್ ಕ್ರಿಯಾಪದ ಕಲಿಸೋಣವೆಂದು ಹೊರಟೆ. ನೋಟ್‌ಬುಕ್ಕಿಗೆ ಗೆರೆ ಎಳೆದು ಇಂಗ್ಲಿಷ್, ಕನ್ನಡ, ಬಂಗಾಳಿ ಎಂದು ಬರೆದೆವು. ಬಂಗಾಳಿ ಹೇಳುವುದು ಅಮ್ಮನ ಪಾಲು. ಕಮ್, ಗೋ, ಈಟ್ ಸಲೀಸಾಗಿ ಮುಗಿದವು. ‘ವೇಟ್’ನಲ್ಲಿ ಎರಡು ಸಂಜೆ ಸಿಕ್ಕಿಕೊಂಡೆವು.

ಅಮ್ಮ ಮೊದಲು ‘ಅಪೇಕ್ಖಾ ಕೊರಾ’ ಅಂದಳು. ನಮ್ಮ ಅಪೇಕ್ಷೆಯೇ ಅದು. ನಮ್ಮಲ್ಲಿ ಬೇಕು ಅನ್ನುವುದಕ್ಕೆ, ಅವರಲ್ಲಿ ಕಾಯುವುದಕ್ಕೆ.

“ಅದು ಬುಕ್ಕಲ್ಲಿ, ಅಂಕಲ್. ಬಾಯಲ್ಲಿ ನಾವು ‘ದಾಡಾವ್’ ಅಂತೀವಿ,” ಎಂದಳು. ದಾಡಾವ್ ಅಂದರೆ ನಿಲ್ಲು. ಕೂತವರಿಗೂ ದಾಡಾವ್, ಅವಸರಪಡುವ ಗಂಡನಿಗೂ ದಾಡಾವ್. ಗಂಡ ತೀರಾ ದುಡುಕಿದರೆ ಮಾತ್ರ ‘ಶೊಬೂರ್ ಕೊರೋ’, ಸ್ವಲ್ಪ ತಾಳು ಎಂದು.

“ಕನ್ನಡದಾಗ ಏನಂತಾರ, ದಾದು?”

“ಕಾಯಿ ಅಂತ. ಆದ್ರೆ ಯಾರೂ ಅಂಗನ್ನಲ್ಲ. ‘ಇರಿ, ಬಂದೆ’ ಅಂತೀವಿ.”

“ಹೊಂಟಿರ್ತೀರಿ, ಬಂದೆ ಅಂತೀರಿ! ಭಾಳ ಸುಳ್ಳ ಹೇಳ್ತೀರಿ ಬಿಡ್ರಿ!” ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ‘ವೇಟ್’ ಆದ ಮೇಲೆ ‘ಫಾರ್’ ಬರಬೇಕು, ಯಾರಿಗಾಗಿ ಅನ್ನುವುದು ಆಮೇಲೆ, ಎಂದು ತಿದ್ದಿದೆ. ಅವಳು ಬರೆದ ಮೊದಲ ವಾಕ್ಯ: ಐ ವೇಟ್ ಫಾರ್ ದಾದು.

ಜೂನ್ ಬಂತು. ಹತ್ತಿರದ ಸರ್ಕಾರಿ ಶಾಲೆಯಲ್ಲಿ, ಮನೆ ಓನರ್ ಬಂದು ವಿಳಾಸದ ಪತ್ರಕ್ಕೆ ಸೈನ್ ಹಾಕಲಿ, ಸೇರಿಸಿಕೊಳ್ಳುತ್ತೇವೆ ಎಂದರಂತೆ. ನಾನು ಖುಷಿಯಿಂದ ಒಪ್ಪಿಕೊಂಡೆ. ಅಡ್ಮಿಷನ್ನಿನ ಕೊನೆಯ ದಿನ ಬೆಳಗ್ಗೆ ನನ್ನ ಅಣ್ಣನ ಮಗ ಬಾಗಿಲಿಗೆ ಬಂದ.

“ಏನ್ ಚಿಕ್ಕಪ್ಪಾ, ಬೆಂಗಾಲಿಯೋರ್ಗೆಲ್ಲ ಸೈನ್ ಆಕ್ಕೊಟ್ಟು, ನಾಳೆ ಅವ್ರು ಬಾಂಗ್ಲಾದೋರು ಅಂತಾದ್ರೆ ಈ ವಯಸ್ನಾಗೆ ಪೊಲೀಸ್ ಟೇಸನ್ನಿಗೆ ಅಲೀತೀಯಾ?”

ನನಗೆ ದಿಗಿಲು ಹತ್ತಿಕೊಂಡಿತು. ಅಷ್ಟರಲ್ಲಿ ತಾಯಿ ಮಗಳು ಹೊರಟು ನಿಂತಿದ್ದರು. ಹುಡುಗಿಗೆ ಎರಡು ಜಡೆ, ಕೆಂಪು ರಿಬ್ಬನ್. “ನೀವ್ ಹೋಗಿ ಸ್ಕೂಲ್ ಗೇಟ್ ಹತ್ರ ಇರಿ, ಹಿಂದೇನೇ ಬಂದೆ,” ಎಂದೆ.

ನಮ್ಮ ಕಡೆ ಮುಖದ ಮೇಲೆ ‘ಆಗಲ್ಲ’ ಅನ್ನುವ ಅಭ್ಯಾಸವಿಲ್ಲ. ‘ಇರಿ, ಬಂದೆ’ ಅಂದರೆ ಊರಿನವರು ಅರ್ಧ ಗಂಟೆ ನೋಡಿ ಮನೆಗೆ ಹೋಗುತ್ತಾರೆ, ಮತ್ತೆ ಸಿಕ್ಕಾಗ ಆ ಮಾತೇ ಎತ್ತುವುದಿಲ್ಲ. ಈ ತಾಯಿ ಮಗಳಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆದರೂ ಮೆಟ್ರೋ ಸ್ಟೇಷನ್ ಕಡೆ ನಡೆದು, ಎಳನೀರಿನವನ ಪಕ್ಕ ಸಂಜೆಯವರೆಗೆ ಕೂತೆ. ಮಧ್ಯಾಹ್ನ ಬಿಸಿಲು ಏರಿದಾಗ ಆ ಗೇಟಿನ ಹತ್ತಿರ ನೆರಳಿಲ್ಲ ಅನ್ನುವುದೂ ನೆನಪಾಯಿತು. ಏಳಲಿಲ್ಲ.

ಮನೆಗೆ ಬಂದಾಗ ಹುಡುಗಿ ನಮ್ಮ ಮೆಟ್ಟಿಲ ಮೇಲಿದ್ದಳು. ಮುಖ ಬಾಡಿತ್ತು. ಕೋಪವಿರಲಿಲ್ಲ.

“ಆರಾಮ ಇಲ್ಲೇನ್ರಿ, ದಾದು? ಅಮ್ಮ ಹೋಗೂಣು ಅಂದಳು. ನಾನೇ ಬ್ಯಾಡಂದೆ. ದಾದು ಬರ್ತಾರ ಅಂದೆ.”

“ತಲೆ ಸುತ್ತು ಬಂದಿತ್ತು, ಮಗಾ,” ಎಂದೆ.

ಓಡಿ ಹೋದಳು. ಹತ್ತು ನಿಮಿಷದಲ್ಲಿ ಲೋಟದ ತುಂಬ ನಿಂಬೆ ಷರಬತ್ತು ಹಿಡಿದು, ಚೆಲ್ಲದಂತೆ ಹೆಜ್ಜೆಯಿಟ್ಟು ಬಂದಳು. ಕುಡಿಯುವವರೆಗೆ ಎದುರಿಗೇ ನಿಂತಿದ್ದಳು. ಕುಡಿದೆ.

ಆ ವರ್ಷ ಅವಳು ಶಾಲೆಗೆ ಹೋಗಲಿಲ್ಲ. ಅಮ್ಮನ ಜೊತೆ ಅಪಾರ್ಟ್‌ಮೆಂಟಿಗೆ ಹೋಗಿ ಕಾರು ನಿಲ್ಲಿಸುವ ಕಡೆ ಕೂತಿರುತ್ತಿದ್ದಳಂತೆ. ಮುಂದಿನ ಬೇಸಿಗೆಯಲ್ಲಿ ಅವಳ ಅಪ್ಪನಿಗೆ ಸಿಂಗಸಂದ್ರದ ಕಡೆ ಕೆಲಸ ಸಿಕ್ಕಿ, ರೂಮು ಖಾಲಿ ಮಾಡಿದರು. ಸಾಮಾನು ಟೆಂಪೋಗೆ ಏರುತ್ತಿದ್ದಾಗ ತಾಯಿಯನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ತಪ್ಪಾಯ್ತಮ್ಮ ಎಂದು ಕೈ ಮುಗಿದೆ.

ಅವಳು ನನ್ನ ಕೈ ಇಳಿಸಿದಳು. “ಬಿಡಿ ಅಂಕಲ್. ಅವತ್ತೇ ನನಗೆ ಗೊತ್ತಾಯ್ತು. ಅವಳಿಗೆ ಮಾತ್ರ ಹೇಳ್ಬೇಡಿ. ದಾದುಗೆ ತಲೆ ಸುತ್ತು ಇದೆ ಅಂತ ಊರಲ್ಲಿ ಅವಳ ಅಜ್ಜಿಗೂ ಫೋನ್ ಮಾಡಿ ಹೇಳಿದಾಳೆ.”

ಆ ಮಾತನ್ನೇ ಹಿಡಿದುಕೊಂಡು ನಾನು ಹುಡುಗಿಗೆ ನಿಜ ಹೇಳದೇ ಉಳಿದೆ. ಟೆಂಪೋದ ಹಾಸಿಗೆ ಗಂಟಿನ ಮೇಲೆ ಕೂತು, ಬಿಸಿಲಲ್ಲಿ ಓಡಾಡಬೇಡಿ ಎಂದು ನನಗೇ ಬುದ್ಧಿ ಹೇಳಿ ಕೈ ಬೀಸಿದವಳನ್ನು ನೋಡುತ್ತ ನಿಂತೆ. ತಾಯಿಯ ಹತ್ತಿರ ಕೇಳಿದ ಕ್ಷಮೆ ಸುಲಭದ್ದು, ಅವಳಿಗೆ ಮೊದಲೇ ತಿಳಿದಿತ್ತು. ಕೇಳಬೇಕಾಗಿದ್ದದ್ದು, ಇವತ್ತಿಗೂ ಕೇಳದೇ ಇರುವುದು, ಮೂರನೇ ರೂಮಿನ ಆ ಎಂಟು ವರ್ಷದ ಹುಡುಗಿಯನ್ನು.