ಮದುವೆ ವಿಡಿಯೋದಲ್ಲಿ ಉಳಿದ ನೀಲಿ ಸೆರಗು

ಹೋದ ವರ್ಷ ಆಷಾಢಕ್ಕೆ ನನ್ನಕ್ಕನ ಮಗಳು ದಿವ್ಯ ಗಂಡನ ಮನೆಯಿಂದ ಭೀಮನಬೀಡಿಗೆ ಬಂದಿದ್ದಳು. ಮದುವೆಯ ವಿಡಿಯೋನೂ ತಂದಿದ್ದಾಳೆ, ಬಂದು ನೋಡು ಎಂದು ಅಕ್ಕ ಫೋನ್ ಮಾಡಿದಳು. ನಾನಿರುವುದು ಚಾಮರಾಜನಗರದಲ್ಲಿ, ಒಬ್ಬಳೇ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ದಿವ್ಯ ಪಿಯುಸಿಯಿಂದ ಡಿಗ್ರಿ ಮುಗಿಯುವವರೆಗೂ ನನ್ನ ಜೊತೆಯಲ್ಲೇ ಇದ್ದು ಓದಿದವಳು. ರಸ್ತೆ ದಾಟಬೇಕಾದರೂ ನನ್ನ ಸೆರಗು ಹಿಡಿಯುತ್ತಿದ್ದ ಪುಕ್ಕಲಿ.

ಮದುವೆಯ ದಿನ ನಾನು ಊಟದ ಮನೆಯ ಬಾಗಿಲ ಹತ್ತಿರ ನಿಂತಿದ್ದೆ. ವಿಧವೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತಾಳಿ ಕಟ್ಟುವ ಹೊತ್ತಿಗೆ ದಿವ್ಯ ಮಣೆ ಮೇಲಿಂದ ತಿರುಗಿ, "ಚಿಕ್ಕವ್ವ, ಬಾ ಇಲ್ಲಿ" ಎಂದು ಕರೆದಳು. ಕರೆದಳಲ್ಲ ಎಂಬ ಖುಷಿಯಲ್ಲಿ ಎಲ್ಲ ಮರೆತು ಅವಳ ಬೆನ್ನ ಹಿಂದೆಯೇ ಹೋಗಿ ನಿಂತುಬಿಟ್ಟೆ. ಅವಳು ಕೈ ಹಿಂದಕ್ಕೆ ಚಾಚಿ ನನ್ನ ಸೆರಗು ಹಿಡಿದುಕೊಂಡಳು. ಅವಳೇ ಆರಿಸಿಕೊಟ್ಟಿದ್ದ ನೀಲಿ ಸೀರೆ ಅದು.

ಭೀಮನಬೀಡಿನಲ್ಲಿ ಟಿವಿ ಮುಂದೆ ಎಲ್ಲರೂ ಕೂತೆವು. ದಿವ್ಯ ಮಾತ್ರ "ಕಾಫಿಗಿಡ್ತೀನಿ" ಎಂದು ಒಳಗೆ ಹೋದಳು. ತಾಳಿ ಕಟ್ಟುವುದು ಬಂತು. ಅಕ್ಷತೆ, ಗಟ್ಟಿಮೇಳ, ಜನವೋ ಜನ. ನಾನಿಲ್ಲ! ದಿವ್ಯ ಹಿಂದೆ ತಿರುಗಿ ನಗುತ್ತಾಳೆ, ಅಲ್ಲಿರುವುದು ಬರೀ ಹೂವಿನ ಪರದೆ.

"ಇದೇನಕ್ಕ, ನಾನು ಕಾಣಾದೇ ಇಲ್ವಲ್ಲ?" ಎಂದೆ. ಅಕ್ಕ ತಲೆ ತಗ್ಗಿಸಿದಳು. "ಕ್ಯಾಮ್ರಾ ಅತ್ತಾಗೆ ತಿರುಗಿತ್ತೇನೋ ಬುಡಮ್ಮ" ಎಂದರು ಬಾವ. ಎಲಾ, ನಾನೇನು ದೆವ್ವವೇ, ಕ್ಯಾಮೆರಾಕ್ಕೆ ಬೀಳದೆ ಇರಲು? ಇದು ಬಾವನದೇ ಕೆಲಸ ಎಂದು ಸಿಟ್ಟು ಬಂತು. ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕು. ವಿಡಿಯೋದಲ್ಲಿ ನೋಡಿದ್ದ ಸ್ಟುಡಿಯೋ ಹೆಸರು ನೆನಪಿತ್ತು. ಹುಡುಕಿಕೊಂಡು ಹೋದೆ. ಕಂಪ್ಯೂಟರ್ ಮುಂದೆ ದಪ್ಪ ಕನ್ನಡಕದ ನಡುವಯಸ್ಸಿನವರೊಬ್ಬರು ಕೂತಿದ್ದರು. ನಾನು ಬಾಯಿ ಬಿಡುವ ಮೊದಲೇ ಎದ್ದು ನಿಂತು, "ಬನ್ನಿ ಅಕ್ಕ, ಕೂತ್ಕಳಿ" ಎಂದರು.

"ನನ್ನ ಗುರ್ತು ಅದಾ?"

"ಇಲ್ದೆ ಏನು! ಜನ ಕಮ್ಮಿ ಇದ್ದಿದ್ರೆ ನಿಮ್ಮನ್ನ ವಿಡಿಯೋದಿಂದ ಕಂಪ್ಯೂಟ್ರೇ ಅಳಿಸ್ಬುಡದು. ಆ ಗದ್ದಲದಲ್ಲಿ ಒಂದೊಂದೇ ಚಿತ್ರ ಇಟ್ಕಂಡು ಕೈಲೇ ಅಳಿಸ್ದೆ. ನಾಕು ದಿನ ನಿಮ್ಮ ಮಕವೇ ನೋಡಿವ್ನಿ."

ನನಗೆ ಅಳು ಬಂತು. ಗಂಡ ಹೋದ ಮೇಲೆ ನನ್ನ ಮುಖವನ್ನು ಅಷ್ಟು ಹೊತ್ತು ಯಾರು ನೋಡಿದ್ದಾರೆ?

"ಅಳ್ಸಿ ಅಂದೋರು ನಮ್ಮ ಬಾವ ತಾನೆ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಇಲ್ಲ ಕಣಕ್ಕ, ಮದುಮಗಳೇ ಬಂದಿದ್ರು. ಅವರತ್ತೆ ಏನೋ ಅಂದ್ರಂತೆ. ಚಿಕ್ಕವ್ವಂಗೆ ಗೊತ್ತಾಗದು ಬ್ಯಾಡ ಅಂದಿದ್ರು. ನೀವೇ ಹುಡುಕ್ಕಂಡು ಬಂದ್ಮೇಲೆ ಇನ್ನೇನು ಮುಚ್ಚಿಡದು."

ಬಾವನ ಮೇಲಿದ್ದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಸ್ಟುಡಿಯೋದವರು ಅದೇ ವಿಡಿಯೋ ಹಾಕಿ, ಒಂದು ಕಡೆ ನಿಲ್ಲಿಸಿ, ದಿವ್ಯಳ ಕೈಯನ್ನು ದೊಡ್ಡದು ಮಾಡಿ ತೋರಿಸಿದರು. ಬಿಗಿ ಹಿಡಿದ ಮುಷ್ಟಿಯಲ್ಲಿ ಬೆರಳುದ್ದದ ನೀಲಿ ಬಟ್ಟೆ.

"ಇದೊಂದು ತೆಗೆಯಕ್ಕಾಗ್ನಿಲ್ಲ ಅಕ್ಕ. ಅಷ್ಟು ಗಟ್ಟಿಯಾಗಿ ಇಡ್ಕಂಡವ್ರೆ. ತೆಗೆದ್ರೆ ಅವರ ಬೆರಳೇ ಕೆಟ್ಟೋಯ್ತಿತ್ತು."

ನನ್ನ ಫೋನಿಗೆ ಒಂದು ಪ್ರತಿ ಹಾಕಿಕೊಟ್ಟರು. ಅಳಿಸುವ ಮುಂಚಿನ, ನಾನಿರುವ ವಿಡಿಯೋ ಕೊಡಲೇ ಎಂದೂ ಕೇಳಿದರು. ಬೇಡ, ಇದೇ ಇರಲಿ ಎಂದೆ.

ಮನೆ ಬೀಗ ತೆಗೆಯುವಾಗ ದಿವ್ಯಳ ಫೋನ್ ಬಂತು. "ಚಿಕ್ಕವ್ವ, ಮನೆ ಸೇರ್ಕಂಡ?" ಎಂದಳು. ಆಮೇಲೆ ಮೆಲ್ಲಗೆ, "ವಿಡಿಯೋ ಚೆನ್ನಾಗದಾ?"

"ಚೆನ್ನಾಗದೆ ಕಣಮ್ಮಿ" ಎಂದೆ.

ಇವತ್ತಿಗೂ ಅವಳನ್ನು ಕೇಳಿಲ್ಲ. ನೋವು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಕೆಲಸ ಮುಗಿಸಿ ಬಂದು, ಮಾತಾಡಿಸಲು ಯಾರೂ ಇಲ್ಲ ಅನ್ನಿಸಿದಾಗ ಆ ವಿಡಿಯೋ ಹಾಕಿ, ಆ ಜಾಗಕ್ಕೆ ಬಂದಾಗ ನಿಲ್ಲಿಸುತ್ತೇನೆ. ನೋಡಿದವರಿಗೆ ಅದು ಯಾವುದೋ ಬಟ್ಟೆಯ ಚೂರು. ನನ್ನನ್ನು ಅಳಿಸಿ ಎಂದವಳೂ ಅವಳೇ, ಬಿಡದೆ ಹಿಡಿದುಕೊಂಡವಳೂ ಅವಳೇ. ಆ ಮುಷ್ಟಿಯ ಮೇಲೆ ಒಂದು ಸಲ ಬೆರಳಾಡಿಸಿ ಫೋನ್ ಆರಿಸುತ್ತೇನೆ.